ಮಂಗಳವಾರದ ಸೂಜಿ

ನಾನು ಕೆಲಸಕ್ಕಿರುವ ಸಂಸ್ಥೆಯ ಜಮಖಂಡಿ ಆಫೀಸಿನವರು ಗುಪ್ತರೋಗದ ಕ್ಲಿನಿಕ್ಕನ್ನು ಮಂಗಳವಾರಕ್ಕೆ ಇಟ್ಟಾಗಲೇ ನನಗೆ ತಲೆ ಕೆಟ್ಟಿತ್ತು. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ನಮ್ಮಂಥವರಿಗೆ ಮಂಗಳವಾರ, ಶುಕ್ರವಾರ ಜೋಗದ ದಿನ. ಬುಟ್ಟಿ ಹೊತ್ತು ಐದು ಮನೆ ಬೇಡಬೇಕು. ಆ ದಿನ ಸೂಜಿ ಚುಚ್ಚಿಸಿಕೊಂಡರೆ ಮೈಲಿಗೆ ಎಂದು ನಮ್ಮ ಓಣಿಯ ಮುದುಕಿಯರ ಹಟ. ವಾರ ಬದಲಿಸಿ ಎಂದು ಕೇಳಿದರೆ, ಲೇಡಿ ಡಾಕ್ಟರ್ ಬರುವುದೇ ಅವತ್ತು ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವಂತಾಯಿತು.

ನನ್ನ ಕೆಲಸ ಮುಧೋಳದ ನಮ್ಮ ಓಣಿಯಲ್ಲೇ. ನನ್ನಂಥ ಹೆಂಗಸರ ಮನೆಗಳಿಗೆ ಹೋಗಿ, ರೋಗ ಹೇಗೆ ಅಂಟುತ್ತದೆ, ನಿರೋಧ್ ಹೇಗೆ ಬಳಸಬೇಕು ಎಂದು ಹೇಳುವುದು, ತಪಾಸಣೆಗೆ ಕರೆದೊಯ್ಯುವುದು. ಗಂಡಸರು "ನಿರೋಧ್ ಅಕ್ಕ ಬಂದ್ಳು" ಎಂದು ನಗುತ್ತಿದ್ದರು. "ಬಾ, ನಿನಗೂ ಎರಡು ಕೊಡತೇನಿ" ಎಂದರೆ ಬಾಯಿ ಮುಚ್ಚುತ್ತಿದ್ದರು.

ನಮ್ಮ ಹಿಂದಿನ ಮನೆಯ ಮುದುಕಿಯ ಮಗಳು, ಇಪ್ಪತ್ತೈದರ ಆಸುಪಾಸಿನವಳು, ಬಸುರಿಯಾಗಿದ್ದಳು. ಹಿಂದಿನ ಸಲದ ಕೂಸು ಹುಟ್ಟುವಾಗಲೇ ಸತ್ತಿತ್ತು. ಈ ಸಲ ನಾನು ರಕ್ತ ಕೊಡಿಸಿದೆ. ಸಿಫಿಲಿಸ್ ಇದೆ ಎಂದು ಬಂತು. ವಾರಕ್ಕೊಂದರಂತೆ ಮೂರು ಸೂಜಿ ತಗೊಂಡರೆ ಗುಣವಾಗುತ್ತದೆ, ತಡಮಾಡಿದರೆ ಈ ಕೂಸೂ ಉಳಿಯಲಿಕ್ಕಿಲ್ಲ ಎಂದರು ಡಾಕ್ಟರ್. ಅವಳ ಮನೆಗೆ ಬಂದು ಹೋಗುವ ಸಾವಳಗಿಯ ರೈತನೂ ತಗೊಳ್ಳಬೇಕು, ಇಲ್ಲವಾದರೆ ರೋಗ ಮತ್ತೆ ಅವಳಿಗೇ ಬರುತ್ತದೆ. ಮಗಳು ಎಲ್ಲವನ್ನೂ ತಾಯಿಗೆ ಹೇಳಿದಳು. ಮಂಗಳವಾರ ಸೂಜಿ ಬೇಡವೆಂದು ತಾಯಿ ಒಪ್ಪಲಿಲ್ಲ. ಬೇರೆ ದವಾಖಾನೆಗೆ ಹೋಗೋಣವೆಂದರೆ ಗುರುತಿನವರು ಸಿಗುತ್ತಾರೆಂಬ ಅಂಜಿಕೆ. ಹೀಗೇ ಎರಡು ಮಂಗಳವಾರ ಹೋದವು. ನನಗೆ ಅನ್ನ ಸೇರುತ್ತಿರಲಿಲ್ಲ.

ಮುಂದಿನ ಮಂಗಳವಾರ ಹೊತ್ತೇರುವ ಮೊದಲೇ ಹೋದೆ. ಮುದುಕಿ ಬುಟ್ಟಿಗೆ ಭಂಡಾರದ ಅರಿಸಿನ ಹಚ್ಚುತ್ತಿದ್ದಳು. ಇವತ್ತಾದರೂ ಮಗಳನ್ನು ಕ್ಲಿನಿಕ್ಕಿಗೆ ಕಳಿಸು ಎಂದೆ.

"ನಿನಗೂ ಮುತ್ತ ಕಟ್ಟ್ಯಾರ. ನೀನ ಹಿಂಗಂದ್ರ ಹೆಂಗಬೇ?" ಎಂದಳು.

ಸಿಟ್ಟು ನೆತ್ತಿಗೇರಿತು. ಆದರೂ ನುಂಗಿಕೊಂಡು, "ಜೋಗಕ್ಕ ಐದ ಮನಿ ಬೇಕಲ್ಲ ಚಿಗವ್ವಾ? ನಾಕ ಮನಿ ಇಲ್ಲಿ ಬೇಡು. ಐದನೇದ್ದು ಆ ಕ್ಲಿನಿಕ್ ಅಂತ ತಿಳಿ" ಎಂದೆ.

"ಅವ್ರು ನೀಡ್ತಾರೇನು?"

"ನೀಡ್ತಾರ" ಎಂದುಬಿಟ್ಟೆ. ನೀಡುತ್ತಾರೋ ಇಲ್ಲವೋ ಯಾರಿಗೆ ಗೊತ್ತು!

ಮುದುಕಿ ನಾಲ್ಕು ಮನೆ ಬೇಡಿದ ಮೇಲೆ ನಾವು ಮೂವರೂ ಹತ್ತಿದ ಜಮಖಂಡಿ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿತು. ಡಾಕ್ಟರ್ ಮಧ್ಯಾಹ್ನಕ್ಕೆ ಎದ್ದು ಹೊರಟುಬಿಡುತ್ತಿದ್ದರು. ನಾನು ಕುಂತಲ್ಲಿ ಕೂಡಲಾರದೆ ಡ್ರೈವರನನ್ನು ಮನಸ್ಸಿನಲ್ಲೇ ಬೈದೆ.

ನಾವು ತಲುಪಿದಾಗ ಡಾಕ್ಟರ್ ಚೀಲ ಹೆಗಲಿಗೆ ಹಾಕಿದ್ದರು. ಮುದುಕಿ ಬಾಗಿಲಲ್ಲಿ ನಿಂತು "ಉಧೋ ಉಧೋ" ಎಂದು ಜೋಗದ ಕೂಗು ಹಾಕಿದಳು. ಕುಳಿತವರೆಲ್ಲ ತಿರುಗಿ ನೋಡಿದರು. "ಬುಟ್ಟಿ ಹೊರಗಿಡ್ರಿ" ಎಂದಳು ನರ್ಸು. ಮುದುಕಿಯ ಮುಖ ಕಪ್ಪಿಟ್ಟಿತು.

"ನಡೀಬೇ" ಎಂದು ಮಗಳ ರಟ್ಟೆ ಹಿಡಿದಳು.

ಮಗಳು ಕದಲಲಿಲ್ಲ.

"ಹೋದ ಸಲ ಕೂಸಿನ್ನ ಮಣ್ಣ ಮಾಡಿದ್ದು ಮಂಗಳಾರ ಇತ್ತಬೇ ಯವ್ವಾ. ಆವತ್ತ ಜೋಗ ಬಿಟ್ಟಿದ್ದಿ. ಎಲ್ಲವ್ವ ನಿನಗೇನಾರ ಅಂದ್ಲೇನು?"

ಮುದುಕಿಯ ಕೈ ತಾನಾಗಿಯೇ ಸಡಿಲಾಯಿತು. ಡಾಕ್ಟರ್ ಚೀಲ ಕೆಳಗಿಟ್ಟರು. ಮೊದಲು ಸ್ವಲ್ಪವೇ ಔಷಧ ಚುಚ್ಚಿ, ಮೈಗೆ ಒಗ್ಗುತ್ತದೆಯೇ ಎಂದು ಕಾದು ನೋಡಿ, ಆಮೇಲೆ ಪೂರ್ತಿ ಕೊಟ್ಟರು. ಅಷ್ಟು ಹೊತ್ತೂ ಮುದುಕಿ ಆ ಸಣ್ಣ ಬಾಟಲಿಯನ್ನೇ ನೋಡುತ್ತಿದ್ದಳು.

"ಇಕಿಗಿಂತ ಮೊದ್ಲ ನನ್ನವೂ ಮೂರ ಕೂಸ ಹುಟ್ಟತ್ಲೆ ಹೋದವ್ರಿ. ಅವಾಗ ಈ ಸೂಜಿ ಇತ್ತೇನ್ರಿ?" ಎಂದು ಕೇಳಿದಳು.

ಡಾಕ್ಟರ್ ತಡೆದು, "ಇತ್ತವ್ವಾ" ಎಂದರು.

ಬಸ್ಸಿನಲ್ಲಿ ಊರು ಬರುವವರೆಗೂ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದು ಬರೀ ಸಂಕಟ ಉಳಿಯಿತು.

ಮುಂದಿನ ಮಂಗಳವಾರ ಮುದುಕಿ ಬಸ್ ಸ್ಟ್ಯಾಂಡಿಗೆ ನಮಗಿಂತ ಮೊದಲೇ ಬಂದು ನಿಂತಿದ್ದಳು. ಪಕ್ಕದಲ್ಲಿ ಸಾವಳಗಿಯ ರೈತ, ತಲೆ ತಗ್ಗಿಸಿಕೊಂಡು. ಅವನನ್ನು ಏನೆಂದು ಬೈದು ಕರೆತಂದಳೋ, ನಾನು ಕೇಳಲಿಲ್ಲ.

ಹೆರಿಗೆಯಾದದ್ದು ಹೋಳಿಯ ಕಾಮಣ್ಣನ ಹಬ್ಬದ ಹತ್ತಿರ. ಹೆಣ್ಣು ಕೂಸು. ನಾನು ಹೋದಾಗ ಆಸ್ಪತ್ರೆಯ ವಾರ್ಡು ಕಿತ್ತುಹೋಗುವಂತೆ ಅರಚುತ್ತಿತ್ತು. ನಾನು ಎತ್ತಿಕೊಂಡು ಸಮಾಧಾನ ಮಾಡಲು ಹೋದರೆ ಮುದುಕಿ ನನ್ನ ಕೈ ಸರಿಸಿದಳು.

"ಅಳಲಿ ಬಿಡಬೇ" ಎಂದಳು. "ಇನ್ನಷ್ಟ ಅಳಲಿ."