ಕೋಪರಖೈರಣೆಯಲ್ಲಿ ಏಳು ಮಾತ್ರೆ

ನಮ್ಮದು ನಾಲ್ಕು ಜನರ ತಂಡ. ಜಾನಪದ ಮತ್ತು ದೇಶದೇಶಗಳ ಸಂಗೀತ ಎಂದು ಹೇಳಿಕೊಳ್ಳುತ್ತೇವೆ. ಠಾಣೆ, ಡೊಂಬಿವಲಿ, ಕಲ್ಯಾಣದ ಸೊಸೈಟಿ ಹಾಲುಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ, ಒಮ್ಮೆ ಹಲ್ಲಿನ ಡಾಕ್ಟರರೊಬ್ಬರ ಹೊಸ ಕ್ಲಿನಿಕ್ಕಿನ ಉದ್ಘಾಟನೆಯಲ್ಲೂ ನುಡಿಸಿದ್ದೇವೆ.

ತಂಡದ ಮುಖ್ಯಸ್ಥರು ನಿವೃತ್ತ ಮರಾಠಿ ಇಂಜಿನಿಯರ್. ಅಕಾರ್ಡಿಯನ್ ನುಡಿಸುತ್ತಾರೆ. ಪ್ರತಿ ಹಾಡಿಗೆ ಮೊದಲು ಆ ದೇಶದ ಬೆಟ್ಟ, ಬೆಳೆ, ಹವಾಮಾನ ವಿವರಿಸದೆ ಅವರು ವಾದ್ಯಕ್ಕೆ ಗಾಳಿ ತುಂಬುವವರೇ ಅಲ್ಲ. ಹಲಗೆ ಬಾರಿಸುವವರು ಕಲಬುರಗಿಯ ಕಡೆಯವರು, ವಾಶಿಯ ಸಗಟು ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾರೆ. ಅವರಿಗೆ ಭಾಷಣ ಮುಗಿಯುವಷ್ಟರಲ್ಲಿ ಒಂದು ಸಣ್ಣ ನಿದ್ದೆ ಆಗುತ್ತದೆ. ಮೂರನೆಯವರು ನೌಪಾಡಾದಲ್ಲಿ ಔಷಧದ ಅಂಗಡಿ ಇಟ್ಟಿರುವ, ನಮ್ಮ ಉಡುಪಿಯ ಕಡೆಯವರು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಊದುವ ಉದ್ದನೆಯ ಕೊಳವೆಯನ್ನು ಯೂಟ್ಯೂಬಿನಲ್ಲಿ ನೋಡಿ, ಪಿವಿಸಿ ಪೈಪಿನಿಂದ ತಾವೇ ಒಂದು ಮಾಡಿಕೊಂಡಿದ್ದಾರೆ. ಅದನ್ನು ಹಿಡಿದು ಲೋಕಲ್ ಹತ್ತಿದರೆ ಎಲ್ಲರಿಗೂ ಅವರು ಪ್ಲಂಬರ್. ನಾನು ವಿಮೆ ಕಚೇರಿಯ ಗುಮಾಸ್ತೆ, ಡೊಂಬಿವಲಿಯವಳು. ಹಾಡುತ್ತೇನೆ.

ಆ ಸಂಜೆ ನವರಾತ್ರಿಗೆ ಇನ್ನು ಕೆಲವೇ ದಿನಗಳಿದ್ದವು. ಕೋಪರಖೈರಣೆಯ ಒಂದು ಹೌಸಿಂಗ್ ಸೊಸೈಟಿಯವರು ನಮ್ಮನ್ನು ಕರೆದಿದ್ದರು. ಠಾಣೆಯಲ್ಲಿ ಗಾಡಿ ಬದಲಿಸಿ ಹೊರಟೆವು. ಘಣಸೋಲಿ ದಾಟುವಾಗ ಎದುರಿಗೆ ಕುಳಿತವರೊಬ್ಬರು ಪೈಪನ್ನು ನೋಡಿ, ತಮ್ಮ ಮನೆಯ ಬೇಸಿನ್ ಸೋರುತ್ತಿದೆ, ಭಾನುವಾರ ಬರುತ್ತೀರಾ ಎಂದು ಕೇಳಿದರು.

"ನಾನು ಮ್ಯೂಸಿಷಿಯನ್" ಎಂದರು ನಮ್ಮ ಔಷಧದಂಗಡಿಯವರು.

"ಹಾಂ, ತೋ ಸೋಮವಾರ್ ಕೋ ಆಜಾವೊ."

ಸೊಸೈಟಿಯ ಗೇಟಿಗೆ ಬಂದಾಗ ಗೋಡೆಯ ಮೇಲಿನ ಕಪ್ಪು ಹಲಗೆಯಲ್ಲಿ ನಮ್ಮ ಕಾರ್ಯಕ್ರಮದ ವಿಷಯ ಬಣ್ಣಬಣ್ಣದ ಚಾಕ್‌ನಲ್ಲಿ ಬರೆದಿತ್ತು. ಮುಖ್ಯಸ್ಥರು ಓದಿ ಅಲ್ಲೇ ನಿಂತುಬಿಟ್ಟರು. ಅವರು ಕಳಿಸಿದ್ದು ಮರಾಠಿಯಲ್ಲಿ 'ಲೋಕಗೀತ ವ ಜಾಗತಿಕ ಸಂಗೀತ' ಎಂದು. ಬರೆದವರಿಗೆ 'ಜಾಗತಿಕ' ಎಂಬ ಪದ ತಪ್ಪೆನ್ನಿಸಿ, ಹಬ್ಬದ ಹೊತ್ತಿಗೆ ಹೊಂದುವಂತೆ 'ಜಾಗರಣ' ಎಂದು ತಿದ್ದಿದ್ದರು. ಪಕ್ಕದಲ್ಲೇ ಒಂದು ತ್ರಿಶೂಲವನ್ನೂ ಬಿಡಿಸಿದ್ದರು.

ಒಳಗೆ ಹೋದರೆ ಸಭಾಂಗಣ ಜನರಿಂದ ತುಂಬಿತ್ತು. ಹಾಗೆ ತುಂಬಿದ ಸಭಾಂಗಣವನ್ನು ನಾವು ಎಂದೂ ಕಂಡಿರಲಿಲ್ಲ. ಹೆಂಗಸರು ತೆಂಗಿನಕಾಯಿ, ಹೂವು, ಆರತಿ ತಟ್ಟೆ ಹಿಡಿದು ಚಾಪೆಯ ಮೇಲೆ ಕುಳಿತಿದ್ದರು. ವೇದಿಕೆಯ ಮೇಲೆ ದೇವಿಯ ಫೋಟೋ, ಅದರ ಮುಂದೆ ಉರಿಯುವ ದೀಪ. ನಮಗೆ ಉಳಿದದ್ದು ಬದಿಯಲ್ಲಿ ಒಂದಿಷ್ಟು ಜಾಗ.

"ಎಂತ ಮಾಡುದು ಮಾರಾಯ್ರೆ" ಎಂದು ಔಷಧದಂಗಡಿಯವರು ನನ್ನ ಕಡೆ ಬಾಗಿ ಕೇಳಿದರು. "ನಮಗೆ ಒಂದು ಭಜನೆಯೂ ಸರಿಯಾಗಿ ಬರುದಿಲ್ಲವಲ್ಲ."

ಮುಖ್ಯಸ್ಥರು ಹೊರಗಿನ ಬೋರ್ಡಿನಲ್ಲಿ ತಪ್ಪಾಗಿದೆಯೆಂದು ಮೈಕಿನಲ್ಲಿ ಸ್ಪಷ್ಟಪಡಿಸಲು ಹೋದರು. ಅವರು "ಆಜ್ ಹಮ್" ಎನ್ನುವಷ್ಟರಲ್ಲೇ ಮುಂದಿನ ಸಾಲಿನವರು ಜೈಕಾರ ಹಾಕಿದರು. ಎರಡು ಬಾರಿ ಹೀಗಾದ ಮೇಲೆ ಅವರು ಸುಮ್ಮನೆ ಅಕಾರ್ಡಿಯನ್ ಹೆಗಲಿಗೇರಿಸಿದರು.

ಮೊದಲು ಐರ್ಲೆಂಡಿನ ಒಂದು ಧಾಟಿ. ಜನ ಕೈ ಮುಗಿದು ಕೇಳಿದರು. ಆಮೇಲೆ ಮೀನುಗಾರರ ಒಂದು ಪೋರ್ಚುಗೀಸ್ ಹಾಡು. ಅರ್ಥ ನನಗೂ ಅಷ್ಟಕ್ಕಷ್ಟೇ. ಪ್ರತಿ ಸಾಲು ಮುಗಿದಾಗಲೂ ಸಭೆ ಜೈ ಎನ್ನುತ್ತಿತ್ತು. ಪೈಪಿನ ಭೋರೆನ್ನುವ ಸದ್ದಿಗೆ ಅದು ಶಂಖವೆಂದು ಭಾವಿಸಿ ಅಜ್ಜಿಯೊಬ್ಬರು ಹೂ ಎಸೆದರು. ಪೈಪಿನ ಬಾಯಿಗೆ ಒಂದು ಚೆಂಡು ಹೂ ಸಿಕ್ಕಿಕೊಂಡು ಸ್ವರ ಸ್ವಲ್ಪ ಇಳಿಯಿತು.

ಮೂರನೆಯದು ಬಲ್ಗೇರಿಯಾದ ಕುಣಿತದ ಧಾಟಿ. ಏಳು ಮಾತ್ರೆಯದು, ಓಡುವ ಲಯದ್ದು. ಸುಮ್ಮನೆ ಕುಳಿತಿದ್ದರೂ ಮೊಣಕಾಲು ಅಲುಗತೊಡಗುತ್ತದೆ. ಹಲಗೆಯವರಿಗೆ ಇದೇ ಅತಿ ಪ್ರಿಯ. ಎರಡನೇ ಸುತ್ತಿನಲ್ಲಿ, ನಮ್ಮ ಹತ್ತಿರವೇ ಕುಳಿತಿದ್ದ, ಹಸಿರು ಇಳಕಲ್ ಸೀರೆಯುಟ್ಟ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. ತೂಗಾಡಿದರು, ಮುಡಿ ಬಿಚ್ಚಿದರು, ಆಮೇಲೆ ಕುಣಿಯತೊಡಗಿದರು.

"ಅಂಗಾತ್ ಆಲೀ" ಎಂಬ ಗುಜುಗುಜು ಹಬ್ಬಿತು. ಮೈಮೇಲೆ ದೇವಿ ಬಂದಿದ್ದಾಳೆ ಎಂದರ್ಥ. ಹೆಂಗಸರು ಜಾಗ ಬಿಟ್ಟರು. ಯಾರೋ ಅವರ ಹಣೆಗೆ ಕುಂಕುಮ ಬಳಿದರು.

ಧಾಟಿ ಮುಗಿಯುವ ಹೊತ್ತಾಯಿತು. ಮುಖ್ಯಸ್ಥರು ತಲೆಯಾಡಿಸಿ ನಮಗೆ ಸನ್ನೆ ಮಾಡಿದರು. ಮುಂದಿನ ಸಾಲಿನಿಂದ ಒಬ್ಬರು ಗಟ್ಟಿಯಾಗಿ, "ನಿಲ್ಲಿಸಬೇಡಿ, ನಡುವೆ ನಿಲ್ಲಿಸಿದರೆ ದೇವಿಗೆ ಸಿಟ್ಟು ಬರುತ್ತದೆ" ಎಂದು ಹಿಂದಿಯಲ್ಲಿ ಎಚ್ಚರಿಸಿದರು. ನಿಲ್ಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದೆವು. ಮತ್ತೆ. ಮತ್ತೂ ಒಮ್ಮೆ. ಮುಖ್ಯಸ್ಥರ ಅಂಗಿ ಬೆನ್ನಿಗಂಟಿತು. ಔಷಧದಂಗಡಿಯವರು ಊದಿ ಊದಿ ಕೆಂಪಾಗಿ, ಕಡೆಗೆ ಪೈಪನ್ನು ಗೋಡೆಗೆ ಒರಗಿಸಿ ತಾವೂ ಅದರ ಪಕ್ಕ ಒರಗಿದರು. ನನ್ನ ದನಿ ಕಾಗೆಯದಾಗಿತ್ತು. ಹಲಗೆಯವರೊಬ್ಬರೇ ಸಂತೋಷವಾಗಿ ವೇಗ ಏರಿಸುತ್ತಲೇ ಇದ್ದರು.

ಕೊನೆಗೆ ಆ ಹೆಂಗಸು ತಾವಾಗಿಯೇ ನಿಂತು, ದೇವಿಗೆ ನಮಸ್ಕರಿಸಿ, ನೀರು ಬೇಕೆಂದು ಸನ್ನೆ ಮಾಡಿದರು. ಅವರ ಸೊಸೆ ಓಡಿ ಬಂದು ಕಾಲಿಗೆ ಬಿದ್ದಳು. ಗಂಟಲು ಒಣಗಿದ್ದರಿಂದ ನಾನೂ ಅವರ ಹಿಂದೆಯೇ ಸಭಾಂಗಣದ ಹಿಂಬದಿಯ ನಲ್ಲಿಯ ಕಡೆ ಹೋದೆ. ಸೊಸೆ ಟವೆಲ್ ಹಿಡಿದು ಸ್ವಲ್ಪ ದೂರದಲ್ಲಿ ನಿಂತಳು. ಹೆಂಗಸು ಮುಖ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕನ್ನಡದಾಕಿ ಏನವ್ವ ನೀ? ಆ ಪೈಪಿನಾಂವನ ಕೂಡ ಮಾತಾಡೂದು ಕೇಳಿಸ್ತು."

ಹೌದು ಎಂದೆ. ಸುಸ್ತಾಗಿದೆಯಾ, ಕುರ್ಚಿ ತರಿಸಲೇ ಎಂದು ಕೇಳಿದೆ. ಮೈಮೇಲೆ ದೇವಿ ಬಂದವರೊಡನೆ ಹೇಗೆ ಮಾತಾಡಬೇಕೆಂದು ನನಗೆ ತಿಳಿದಿರಲಿಲ್ಲ. ಬಹುವಚನ ಬಳಸಿದೆ.

ಅವರು ದನಿ ತಗ್ಗಿಸಿದರು. "ದೇವಿ ಎಲ್ಲಿಂದ ಬರ್ತಾಳವ್ವ. ಆ ಹಾಡಿಗಿ ಕಾಲು ನಿಲ್ಲಲಿಲ್ಲ. ನಮ್ಮ ವಿಜಾಪುರದ ಕಡಿ ಸಣ್ಣಾಕಿ ಇದ್ದಾಗ ಭಾಳ ಕುಣೀತಿದ್ದೆ. ಇಲ್ಲಿ ಸುಮ್ಮ ಎದ್ದು ಕುಣದ್ರ ಮಂದಿ ಏನಂತಾರ? ಮುದುಕಿಗಿ ತಲಿ ಕೆಟ್ಟದ ಅಂತಾರ. ದೇವಿ ಬಂದ್ಲಂದ್ರ ಯಾರೂ ಕೂಡು ಅನ್ನಂಗಿಲ್ಲ."

ನನಗೆ ನಗು ಬಂತು. ನಲ್ಲಿಗೆ ಬಾಯಿ ಕೊಟ್ಟು ನೀರು ಕುಡಿಯುವಂತೆ ಮಾಡಿ ಅದನ್ನು ಮುಚ್ಚಿಕೊಂಡೆ.

"ಯಾರಿಗೂ ಹೇಳಬ್ಯಾಡ" ಎಂದರು. "ಇನ್ನೊಮ್ಮಿ ಎಲ್ಲಿ ಬಾರಸ್ತೀರಿ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮಾಜಿವಾಡಾದಲ್ಲಿ, ಬರುವ ತಿಂಗಳು ಎಂದೆ. ವಾಪಸು ಬರುವಾಗ ರೈಲಿನಲ್ಲಿ ಮುಖ್ಯಸ್ಥರು ಏಳು ಮಾತ್ರೆಯ ಲಯಕ್ಕೂ ಸಮಾಧಿ ಸ್ಥಿತಿಗೂ ಇರುವ ಸಂಬಂಧವನ್ನು ಠಾಣೆಯವರೆಗೆ ವಿವರಿಸಿದರು. ಅವರ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಕಂಡಿರಲಿಲ್ಲ. ಕೊಟ್ಟ ಮಾತೂ ನೆನಪಿತ್ತು. ಹೌದೌದು ಎಂದು ತಲೆಯಾಡಿಸಿದೆ.

ಮಾಜಿವಾಡಾಕ್ಕೆ ಆ ಹೆಂಗಸು ಬಂದೇ ಬಂದರು, ಸೊಸೆಯ ಜೊತೆ ರಿಕ್ಷಾದಲ್ಲಿ. ಅಲ್ಲಿ ದೇವಿಯ ಫೋಟೋ ಇರಲಿಲ್ಲ, ಆರತಿ ತಟ್ಟೆ ಇರಲಿಲ್ಲ, ಕೇಳಲು ಬಂದವರೂ ಹೆಚ್ಚಿರಲಿಲ್ಲ. ಬಲ್ಗೇರಿಯಾದ ಧಾಟಿ ಶುರುವಾಗುತ್ತಲೇ ದೇವಿ ಬಂದಳು. ನಾನು ಆ ಧಾಟಿಯಲ್ಲಿ ನಡುವೆ ಸ್ವಲ್ಪ ಹೊತ್ತು ಹಾಡುವುದಿಲ್ಲ. ಆಗ ಸೊಸೆ ವೇದಿಕೆಯ ಪಕ್ಕಕ್ಕೆ ಬಂದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳ ಬಾಯಲ್ಲಿ ಹಿಂದಿ ಬಿಟ್ಟು ಬೇರೆ ಕೇಳಿರಲಿಲ್ಲ, ಕನ್ನಡ ತಿಳಿಯದೆಂದೇ ಅಂದುಕೊಂಡಿದ್ದೆ. ನಾನು ಗಂಭೀರವಾಗಿ, ನಿಮ್ಮ ಅತ್ತೆಯ ಮೇಲೆ ದೇವಿಯ ಕೃಪೆ ದೊಡ್ಡದು ಎಂದೆ.

"ಆಂಟಿ" ಎಂದಳು ಅವಳು, "ಕನ್ನಡ ಸಮಝ್ ಮೇ ಆತಾ ಹೈ ಮುಝೆ. ಉಸ್ ದಿನ್ ನಲ್ ಕೇ ಪಾಸ್ ಸಬ್ ಸುನಾ."

ಅವಳಿಗೆ ಕನ್ನಡ ತಿಳಿಯುತ್ತಿತ್ತು, ಆ ದಿನ ನಲ್ಲಿಯ ಹತ್ತಿರ ನಾವಾಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು.

"ನಾಚ್‌ನೇ ದೋ" ಎಂದಳು, ಕುಣಿಯಲಿ ಬಿಡಿ ಎಂದು. "ಘರ್ ಮೇ ಪೂರಾ ದಿನ್ ಚುಪ್ ಬೈಠೀ ರಹ್ತೀ ಹೈ. ಆಪ್ ಬಸ್ ಬಂದ್ ಮತ್ ಕರ್‌ನಾ."

ಮನೆಯಲ್ಲಿ ದಿನವಿಡೀ ಸುಮ್ಮನೆ ಕೂತಿರುತ್ತಾರೆ, ನೀವು ಮಾತ್ರ ನಿಲ್ಲಿಸಬೇಡಿ ಎಂದು ಹೀಗೆ ಹೇಳಿ ಹೋಗಿ ಮೊದಲ ಸಾಲಿನಲ್ಲಿ, ಅತ್ತೆಯ ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಸ್ವಲ್ಪ ಹೊತ್ತಿಗೆ ಚಪ್ಪಾಳೆಯನ್ನೂ ತಟ್ಟತೊಡಗಿದಳು. ಏಳು ಮಾತ್ರೆ ಅವಳಿಗೆ ಸಿಗಲೇ ಇಲ್ಲ, ಎಂಟಕ್ಕೇ ತಟ್ಟುತ್ತಿದ್ದಳು. ಹಲಗೆಯವರು ಅವಳ ಕಡೆ ನೋಡಿ ನೋಡಿ ತಾವೂ ಎರಡು ಬಾರಿ ತಾಳ ತಪ್ಪಿದರು.