ಮಂಜುಗಡ್ಡೆಯ ವಿರುದ್ಧ ನನ್ನ ವಾದ

ಮಸ್ಕತ್ತಿಗೆ ಬಂದು ನಾನು ಮೊದಲು ಕಲಿತ ವಿದ್ಯೆ ಮಂಜುಗಡ್ಡೆಯಿಂದ ದೋಣಿಗಳನ್ನು ಕಾಪಾಡುವುದು. ನಗಬೇಡಿ. ಎಂಬತ್ತರ ದಶಕದ ಕೊನೆಯ ಒಂದು ಜೂನ್ ತಿಂಗಳು. ಹೊರಗೆ ಬಾಗಿಲ ಹಿಡಿಕೆ ಮುಟ್ಟಿದರೆ ಬೊಬ್ಬೆ ಏಳುವ ಬಿಸಿಲು. ಒಳಗೆ ನನ್ನ ಮೇಜಿನ ಮೇಲೆ ಫಿನ್ಲೆಂಡಿನ ಕೈಪಿಡಿ. ನಮ್ಮ ಬೋಟ್ ಯಾರ್ಡಿಗೆ ತೇಲುವ ಜೆಟ್ಟಿಗಳನ್ನು ಮಾಡಿಕೊಟ್ಟವರು ಜೊತೆಗೇ ಕಳಿಸಿದ್ದರು. ಅದರಲ್ಲಿ ಅರ್ಧ ಪುಸ್ತಕ ಚಳಿಗಾಲದ್ದೇ. ಸಮುದ್ರ ಹೆಪ್ಪುಗಟ್ಟಿ ಜೆಟ್ಟಿಯ ಕಂಬಗಳನ್ನು ಕಚ್ಚಿ ಹಿಡಿಯುತ್ತದಂತೆ. ಅಡಿಯಲ್ಲಿ ನೀರು ಏರಿದರೆ ಗಡ್ಡೆಯೂ ಮೇಲೇರಿ, ಹಲಗೆಯಿಂದ ಮೊಳೆ ಕೀಳುವ ಹಾಗೆ ಕಂಬವನ್ನೇ ಕೀಳುತ್ತದಂತೆ. ಅದಕ್ಕೇ ಚಳಿ ಬರುವ ಮೊದಲೇ ದೋಣಿಗಳನ್ನು ದಡಕ್ಕೆತ್ತಿ ಎಂಜಿನ್ನಿನ ನೀರು ಬಸಿದಿಡಬೇಕು. ಕಂಬಗಳ ಬುಡದಲ್ಲಿ ತೂತಿನ ಪೈಪು ಹಾಸಿ ಗಾಳಿ ಊದಬೇಕು. ಗುಳ್ಳೆಗಳ ಜೊತೆ ತಳದ ಕೊಂಚ ಬೆಚ್ಚನೆಯ ನೀರು ಮೇಲೆ ಬಂದು ಅಲ್ಲಿ ಗಡ್ಡೆ ಕಟ್ಟಲು ಬಿಡುವುದಿಲ್ಲ.

ನಾನು ಮೈಸೂರಿನವನು. ಯಾರ್ಡಿನ ಇಂಗ್ಲಿಷ್ ಕಾಗದಗಳನ್ನು ಓದಿ ಉತ್ತರ ಟೈಪ್ ಮಾಡುವುದು ನನ್ನ ಕೆಲಸ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಯಾವ ಕಡೆ ನಿಲ್ಲಿಸಿದರೂ ಬಹುಮಾನದ ಕಪ್ಪು ಹೊತ್ತು ತಂದವನು. ಆದರೆ ಕಡಲಿನ ಮುಂದೆ ಮಾತು ನಡೆಯುವುದಿಲ್ಲ. ಅದು ಲ್ಯಾನ್ಸಿಯ ಮಾತನ್ನು ಮಾತ್ರ ಕೇಳುತ್ತಿತ್ತು.

ಲ್ಯಾನ್ಸಿ ನಮ್ಮ ಮೆಕ್ಯಾನಿಕ್, ಮಲ್ಪೆಯ ಕಡೆಯವನು. ಮಸ್ಕತ್ತಿನ ರೂವಿ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಾರ. ಆರು ತಿಂಗಳು ಒದ್ದಾಡಿ ನಾನು ಕಲಿತ ಹಗ್ಗದ ಗಂಟನ್ನು ಅವನು ಹರಟೆ ಹೊಡೆಯುತ್ತಲೇ ಹಾಕುತ್ತಿದ್ದ. ಒಮಾನಿ ಮೀನುಗಾರರು ನನ್ನನ್ನು ದಾಟಿ ಹೋಗಿ ಅವನನ್ನು ತಬ್ಬಿಕೊಳ್ಳುತ್ತಿದ್ದರು. ಅವನು ಬಂಗುಡೆ ಹುರಿಯುವಾಗ ನಾನು ಖುಬೂಸನ್ನು, ಅಂದರೆ ಇಲ್ಲಿನ ದುಂಡು ರೊಟ್ಟಿಯನ್ನು, ಮೊಸರಿನಲ್ಲಿ ಅದ್ದಿ, ಇದೇ ಮೊಸರನ್ನ ಎಂದು ನಾಲಿಗೆಗೆ ಸುಳ್ಳು ಹೇಳುತ್ತಿದ್ದೆ.

ಕೈಪಿಡಿ ಓದಿ ಹೇಳಿದರೆ ಅವನು ನಕ್ಕ. “ಎಂಥ ಹೊಸತು ಉಂಟು ಅದ್ರಲ್ಲಿ? ನಾವು ಮಳೆಗಾಲಕ್ಕೆ ದೋಣಿ ಮೇಲೆ ಎಳೀತೇವೆ, ಅವ್ರು ಚಳಿಗೆ ಎಳೀತಾರೆ. ದೋಣಿಗೂ ಒಂದು ರಜೆ ಬೇಕಲ್ಲ ಮಾರಾಯ.”

ನಾನು ಬಾಯಿಪಾಠ ಮಾಡಿದ್ದ ಅಧ್ಯಾಯವನ್ನು ಅವನು ಒಂದೇ ಮಾತಿನಲ್ಲಿ ಮುಗಿಸಿದ್ದ. ಹೊಟ್ಟೆ ಉರಿಯಿತು.

ಆಗಲೇ ಫಿನ್ಲೆಂಡಿನಿಂದ ಕಾಗದ ಬಂತು: ಜನವರಿಯಲ್ಲಿ ಮೂರು ವಾರದ ತರಬೇತಿ, ಒಬ್ಬರನ್ನು ಕಳಿಸಿ. ಕೈಪಿಡಿಯಲ್ಲಿ ಓದಿದ ಆ ಹೆಪ್ಪುಗಟ್ಟಿದ ಬಂದರನ್ನು ಕಣ್ಣಾರೆ ನೋಡಬೇಕೆಂದು ನನಗಿದ್ದ ಆಸೆಯನ್ನು ಯಾರಿಗೂ ಹೇಳಿರಲಿಲ್ಲ. ಹೇಳಿ ಏನು ಫಲ? ಲ್ಯಾನ್ಸಿ ಇರುವಾಗ ನನ್ನನ್ನು ಯಾರು ಕಳಿಸುತ್ತಾರೆ? ನನಗಿಲ್ಲದ್ದು ಅವನಿಗೂ ಬೇಡ.

ಮಾರನೆಯ ದಿನ ಚಹಾದ ಹೊತ್ತಿಗೆ ನಮ್ಮ ಅರ್ಬಾಬ್, ಎಂದರೆ ಯಜಮಾನ, ಸಲೀಂ ಆ ಕಾಗದದ ಮಾತೆತ್ತಿದ. ಬೊಂಬಾಯಿಯಲ್ಲಿ ಓದಿದವನು; ನಮ್ಮೊಡನೆ ಹಿಂದಿಯಲ್ಲೇ ಮಾತಾಡುತ್ತಿದ್ದ. ನಾನು ಎದ್ದು ನಿಂತೆ.

“ಅರ್ಬಾಬ್, ಈ ದೇಶದಲ್ಲಿ ಮಂಜುಗಡ್ಡೆ ಇರೋದು ಮೀನಿನ ಪೆಟ್ಟಿಗೆಯಲ್ಲಿ ಮಾತ್ರ. ಒಂಟೆಗೆ ಸ್ವೆಟರ್ ಹೆಣೆಯೋದನ್ನ ಕಲಿಯೋಕೆ ಅಷ್ಟು ದೂರ ಹೋಗಬೇಕಾ? ಎರಡನೆಯದು, ಮೂರು ವಾರ ಯಾರ್ಡಿನಲ್ಲಿ ಒಬ್ಬ ಆಳು ಕಡಿಮೆ. ಮೂರನೆಯದು, ಗೊತ್ತಿರಬೇಕಾದ್ದೆಲ್ಲ ಪುಸ್ತಕದಲ್ಲೇ ಇದೆ. ಓದಿದವನು ಹೋಗಬೇಕಾಗೇ ಇಲ್ಲ.”

ಎದುರಾಳಿಗೆ ಉಸಿರಾಡಲೂ ಎಡೆಯಿರಲಿಲ್ಲ. ಎದುರಾಳಿಯೇ ಇರಲಿಲ್ಲ.

ಸಲೀಂ ಲೋಟ ಕೆಳಗಿಟ್ಟ. “ಮಾಶಾ ಅಲ್ಲಾ, ಒಳ್ಳೇ ವಕೀಲ! ನಿನ್ನೆ ಲ್ಯಾನ್ಸಿ ಬಂದು, ಇವನನ್ನೇ ಕಳಿಸು, ಆ ಪುಸ್ತಕದ ಮೇಲೆ ಇವನಿಗೆ ಪ್ರೀತಿ ಹುಟ್ಟಿದೆ ಅಂದ. ನಿನ್ನ ಹೆಸರು ಬರೆದೂ ಆಗಿತ್ತು. ಸರಿ, ಓದಿದವನು ಹೋಗಬೇಕಿಲ್ಲ. ಓದದವನು ಹೋಗಲಿ. ಖಲಾಸ್.”

ಖಲಾಸ್ ಎಂದರೆ ಮುಗಿಯಿತು. ಇಲ್ಲಿ ಆ ಪದದ ಮೇಲೆ ಅಪೀಲಿಲ್ಲ.

“ಎಂಥ ಜನ ಮಾರಾಯ ನೀನು!” ಲ್ಯಾನ್ಸಿ ನನ್ನನ್ನು ಪಕ್ಕಕ್ಕೆ ಎಳೆದ. “ಬಾಯಿ ಮುಚ್ಚಿ ಕೂತಿದ್ರೆ ವಿಮಾನದಲ್ಲಿ ಕೂತ್ಕೊಳ್ತಿದ್ದೆ. ಬಾ, ಈಗ್ಲೂ ನಾನು ಹೇಳ್ತೇನೆ.”

“ಬೇಡ. ಇದು ತತ್ವದ ಪ್ರಶ್ನೆ,” ಎಂದೆ. ತತ್ವವಂತೆ!

ಅವನ ಪ್ರಯಾಣದ ಕಾಗದಪತ್ರಗಳನ್ನು ನಾನೇ ಟೈಪ್ ಮಾಡಿದೆ. ಅವನ ಬಳಿ ಸ್ವೆಟರಿರಲಿಲ್ಲ. ಬೇಡವೆಂದರೂ ಅಮ್ಮ ನನ್ನ ಪೆಟ್ಟಿಗೆಗೆ ತುರುಕಿದ್ದ ನೀಲಿ ಸ್ವೆಟರನ್ನು ಕೊಟ್ಟೆ. ನನ್ನ ಸ್ವೆಟರು ಫಿನ್ಲೆಂಡಿಗೆ ಹೋಯಿತು.

ಅಲ್ಲಿಂದ ಲ್ಯಾನ್ಸಿ ಬರೆದ: “ಸಮುದ್ರದ ಮೇಲೆ ನಡೆದೆ. ಗಡ್ಡೆ ಒಳಗಿಂದ ಗುಂಯ್ ಅಂತ ಸದ್ದು ಮಾಡ್ತದೆ, ಎದೆ ನಡುಗ್ತದೆ. ನಿನ್ನ ಪುಸ್ತಕದಲ್ಲಿ ಆ ಸದ್ದು ಉಂಟಾ? ನೋಡಿ ಬರಿ.”

ಪುಟಪುಟ ಹುಡುಕಿದೆ. ಇರಲಿಲ್ಲ.

ಮುಂದಿನ ರಜೆಗೆ ಊರಿಗೆ ಹೋದೆ. ಮಸ್ಕತ್ತು ಎಂದು ಎಷ್ಟು ವಾದಿಸಿದರೂ ಬೀದಿಯವರಿಗೆ ನಾನು ‘ದುಬೈನವನು’. ಮಸ್ಕತ್ತಿನ ಅಂಗಡಿಯವನಿಗೆ ‘ಹಿಂದಿ’, ಅಂದರೆ ಇಂಡಿಯಾದವನು. ಎರಡಕ್ಕೂ ಓಗೊಡುತ್ತೇನೆ. ನನಗೆ ಬಾಯಿಪಾಠವಾಗಿರುವ ಊರೋ, ನಾನು ಕಾಲಿಡದೇ ಇರುವ ಒಂದು ಬಂದರು.

ಲ್ಯಾನ್ಸಿ ಮರಳಿ ಬಂದು ಕೊಟ್ಟಿದ್ದ ಆ ಸ್ವೆಟರನ್ನು ಅಮ್ಮ ಪೆಟ್ಟಿಗೆಯಿಂದ ತೆಗೆದು ತೋಳಿನ ಮೇಲಿನ ಕಪ್ಪು ಗ್ರೀಸಿನ ಕಲೆಯನ್ನು ಉಗುರಿನಿಂದ ಕೆರೆದಳು.

“ಇದೇನೋ ಇದು? ಎಲ್ಲಿ ಮಾಡ್ಕೊಂಡೆ?”

“ಫಿನ್ಲೆಂಡಿನಲ್ಲಿ.”

“ನೀನ್ಯಾವಾಗ ಅಲ್ಲಿಗೆ ಹೋಗಿದ್ದೆ?”

ಪರ, ವಿರೋಧ ಎರಡನ್ನೂ ಬಿಟ್ಟು, ಒಗೆಯಲು ಹೊರಟವಳ ಕೈಯಿಂದ ಸ್ವೆಟರು ಕಿತ್ತುಕೊಂಡು ಮತ್ತೆ ಮಸ್ಕತ್ತಿನ ಪೆಟ್ಟಿಗೆಗೆ ಹಾಕಿದೆ.