ಬಲಗಡೆ ಬಿದ್ದ ಹೂವು

ಮೊನ್ನೆ ಶುಕ್ರವಾರ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯುತ್ತಾ ಕೂತಿದ್ದೆ. ಬೆಂಚಿನ ಆ ತುದಿಯಲ್ಲಿದ್ದ ಹೆಂಗಸೊಬ್ಬರು ಚೀಲದಿಂದ ಪ್ಲಾಸ್ಟಿಕ್ಕಿನ ಪುಟ್ಟ ಇನ್ಹೇಲರ್ ತೆಗೆದು, ಅದರೊಳಗೆ ಮದ್ದಿನ ಪುಡಿಯ ಒಂದು ಕ್ಯಾಪ್ಸೂಲ್ ಹಾಕಿ ಮುಚ್ಚಳ ಒತ್ತಿ, ಬಾಯಿಗಿಟ್ಟು ಜೋರಾಗಿ ಎಳೆದರು. ಗಿರ್ರ್ ಎಂದು ಸದ್ದಾಯಿತು, ಬೆಂಕಿಪೊಟ್ಟಣದೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ. ಅದೇನು ಸದ್ದು ಎಂದು ಕೇಳಿದೆ. ಒಳಗಿನ ಕ್ಯಾಪ್ಸೂಲು ತಿರುಗುವ ಸದ್ದಂತೆ. ಅದು ಕೇಳಿಸಿದರೇ ಪುಡಿ ಎದೆಗೆ ಇಳಿದಿದೆ ಎಂದು ತಿಳಿಯಬೇಕಂತೆ.

ಗಾಡಿ ಬಂತು, ಹತ್ತಿ ಕೂತೆ... ಊರಿಗಾಂ ಬರುವವರೆಗೂ ಕಿಟಕಿಯಾಚೆ ಏನು ಕಂಡೆನೋ ನೆನಪಿಲ್ಲ. ಅಂಥದ್ದೇ ಇನ್ಹೇಲರನ್ನು ನಮ್ಮ ಪಕ್ಕದ ಮನೆಯ ತಾತ ನಾಲ್ಕು ತಿಂಗಳು ದಿನಕ್ಕೆರಡು ಸಲ ಬಾಯಿಗಿಟ್ಟುಕೊಂಡಿದ್ದರು. ಎಷ್ಟೋ ಸಲ ನಾನೇ ಎದುರಿಗೆ ನಿಂತಿದ್ದೆ. ಆ ಸದ್ದನ್ನು ಒಂದು ದಿನವೂ ಕೇಳಿರಲಿಲ್ಲ.

ನನ್ನ ಯಜಮಾನರಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ. ತುಮಕೂರು ಕಡೆಯವರಾದ ನಾವು ಊರಿಗಾಂನಲ್ಲಿ, ಚಿನ್ನದ ಗಣಿಯವರ ಹಳೆಯ ಲೈನ್ ಮನೆಗಳ ಸಾಲಿನಲ್ಲೇ ಹದಿನಾರು ವರ್ಷ ಬಾಡಿಗೆಗಿದ್ದೆವು. ಬಂಗಾರಪೇಟೆಗೆ ಬಂದದ್ದು ಆಮೇಲೆ. ತಾತನದು ನಮ್ಮ ಗೋಡೆಗೆ ಅಂಟಿದ ಮನೆ. ಮೂವತ್ತು ವರ್ಷ ನೆಲದೊಳಗೆ ಇಳಿದು ದುಡಿದವರು. ಬಲಗೈಯ ಎರಡು ಬೆರಳನ್ನು ಅಲ್ಲೇ ಬಿಟ್ಟು ಬಂದಿದ್ದರು. ಗಣಿ ಮುಚ್ಚಿದ ಮೇಲೂ ಗಣಿ ಅವರನ್ನು ಬಿಟ್ಟಿರಲಿಲ್ಲ, ಎದೆಯೊಳಗೆ ಕೂತುಕೊಂಡಿತ್ತು. ಬಾಗಿಲಿನಿಂದ ಬೀದಿ ನಲ್ಲಿಗೆ ಹೋಗುವಷ್ಟರಲ್ಲಿ ಮೂರು ಕಡೆ ನಿಲ್ಲಬೇಕಿತ್ತು. ನಿಂತಾಗ ಮುಖದಲ್ಲಿ ಏನೂ ತೋರಿಸದೆ, ಯಾರದೋ ಮನೆಯ ಹೆಂಚು ನೋಡುವವರ ಹಾಗೆ ಮೇಲೆ ನೋಡುತ್ತಿದ್ದರು.

ಗಾಳಿಗಾಲದಲ್ಲಿ ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಪುಡಿಮಣ್ಣಿನ ಸೈನೈಡ್ ದಿಬ್ಬದ ಕಡೆಯಿಂದ ಧೂಳು ಎದ್ದರೆ ನಮಗೆಲ್ಲ ಕಣ್ಣಿಗೆ ಕಂಡ ಮೇಲೆ ಗೊತ್ತಾಗುತ್ತಿತ್ತು. ತಾತನಿಗೆ ಅದಕ್ಕಿಂತ ಮೊದಲೇ. ಬಾಗಿಲ ಸ್ಟೂಲಿನ ಮೇಲಿಂದ ಗೋಡೆ ತಟ್ಟಿ, "ಕಿಟ್ಕಿ ಆಕ್ಕೊ ಅಮ್ಮಣ್ಣಿ" ಎನ್ನುವರು. ನಾನು ಕಿಟಕಿ ಹಾಕಿ, ಒಲೆಯ ಮೇಲಿನ ಹಾಲು ಮುಚ್ಚುವಷ್ಟರಲ್ಲಿ ಬೀದಿಯೆಲ್ಲ ಬೆಳ್ಳಗೆ. ಹದಿನಾರು ವರ್ಷದಲ್ಲಿ ಆ ಮೂಗು ತಪ್ಪಿದ್ದೇ ಇಲ್ಲ.

ಅವರು ಮೊದಲು ಬಳಸುತ್ತಿದ್ದದ್ದು ಒತ್ತುವ ಸ್ಪ್ರೇ. ಪಂಪು ಎನ್ನುತ್ತಿದ್ದರು. ಅವರ ಹೆಂಡತಿ, ನಮ್ಮೆಲ್ಲರ ಅಜ್ಜಿಗೆ ಮಂಡಿ ನೋವು, ಗಾಡಿ ಹತ್ತಲಾರರು. ಹಾಗಾಗಿ ಬಂಗಾರಪೇಟೆಯ ಎದೆ ಡಾಕ್ಟರಮ್ಮನ ಹತ್ತಿರ ತಾತನನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೆ. ಒಂದು ಸಲ ಆಕೆ ತನ್ನ ಮುಂದೆಯೇ ಪಂಪು ಹೊಡೆದುಕೊಳ್ಳಿ ಎಂದರು. ಉಳಿದ ಬೆರಳುಗಳಿಂದ ತಾತ ಅದನ್ನು ಒತ್ತಿದರು. ಒತ್ತುವುದೊಂದು ಹೊತ್ತಿಗೆ, ಉಸಿರು ಎಳೆಯುವುದೊಂದು ಹೊತ್ತಿಗೆ. ಬಾಯಿಯ ಪಕ್ಕದಿಂದ ಬಿಳಿ ಹೊಗೆ ಹಾರಿಹೋಯಿತು.

"ಮದ್ದೆಲ್ಲ ನನ್ನ ಗೋಡೆ ಕುಡೀತು ತಾತ" ಎಂದು ಡಾಕ್ಟರಮ್ಮ ನಕ್ಕರು. ತಾತನೂ ನಕ್ಕರು. ಆಕೆ ಪುಡಿಯ ಇನ್ಹೇಲರ್ ತೋರಿಸಿದರು. ಇದರಲ್ಲಿ ಒತ್ತುವ ತಾಪತ್ರಯವಿಲ್ಲ, ಜೋರಾಗಿ ಎಳೆದರೆ ಮದ್ದು ತಾನಾಗಿ ಬರುತ್ತದೆ ಎಂದರು. ಖಾಲಿಯದೊಂದನ್ನು ಕೈಗೆ ಕೊಟ್ಟು ಎಳೆಸಿ ನೋಡಿದರು. ತಾತ ಚೆನ್ನಾಗಿಯೇ ಎಳೆದರು. ಯೋಚಿಸಿ, ವಾರದೊಳಗೆ ಹೇಳಿ. ಪಂಪು ಹೀಗೇ ಹೊಡೆದುಕೊಂಡರೆ ಮಾತ್ರ ಚಳಿಗಾಲಕ್ಕೆ ಆಸ್ಪತ್ರೆಯೇ ಗತಿ ಎಂದರು.

ವಾಪಸು ಬರುವಾಗ ಗಾಡಿಯಲ್ಲಿ ತಾತ, "ದೂಳ್ ಕುಡ್ದು ಬಂದ ಕಾಯ್ಲೆ ಇದು. ಇದಕ್ಕೆ ಮತ್ತೆ ದೂಳೇ ಎಳೀಬೇಕಾ ಅಮ್ಮಣ್ಣಿ?" ಎಂದರು. ಅದು ಧೂಳಲ್ಲ ತಾತ, ಮದ್ದು ಎಂದೆ. ನೋಡೋಕೆ ಧೂಳೇ ಅಂದರು. ನಾನು ಅದನ್ನು ಮುದುಕರ ಹಟ ಎಂದುಕೊಂಡೆ.

ವಾರ ಕಳೆಯಿತು. ಅಜ್ಜಿ ಪುಡಿಗೇ ಹೋಗು ಎನ್ನುತ್ತಿದ್ದರು. ತಾತ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೊನೆಗೆ ಗುರುವಾರ ಸಂಜೆ ಗೋಡೆ ತಟ್ಟಿ ಕರೆದು, "ನಾಳೆ ಗುಡಿಗೆ ಓಗ್ತೀಯಲ್ಲ, ಅಮ್ಮನ್ನೇ ಕೇಳ್ಕೊಂಬಾ" ಎಂದರು.

ಲೈನಿನ ಕೊನೆಯಲ್ಲಿರುವ ಮಾರಮ್ಮನ ಗುಡಿಯಲ್ಲಿ ಹೂ ಕೇಳುವುದುಂಟು. ಪೂಜಾರಿ ಅಮ್ಮನ ಎರಡೂ ಭುಜಕ್ಕೆ ಒದ್ದೆ ಸೇವಂತಿಗೆ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿ ಕೇಳಿಕೊಂಡು ನಿಲ್ಲಬೇಕು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದಾದರೆ ಬೇಡ ಎಂದು. ಮನೆ ಕಟ್ಟುವುದು, ಹೆಣ್ಣು ಕೊಡುವುದು, ಆಪರೇಷನ್ ಮಾಡಿಸುವುದು, ಎಲ್ಲಕ್ಕೂ ಅಲ್ಲಿ ಜನ ಹೂ ಕೇಳುತ್ತಾರೆ. ಬಂದ ಮಾತನ್ನು ಮೀರುವುದಿಲ್ಲ.

ತಾತ ಪುಡಿ ಇನ್ಹೇಲರಿಗೆ ಬದಲಾಗಬೇಕೇ ಎಂದು ಕೇಳಿ ನಿಂತೆ. ಕರ್ಪೂರ ಆರಿತು. ಸುಮಾರು ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಲಭುಜದ ಹೂವು ಜಾರಿ ಅಮ್ಮನ ಪಾದಕ್ಕೆ ಬಿತ್ತು. ಅಷ್ಟು ಸ್ಪಷ್ಟವಾಗಿ ಬಿದ್ದದ್ದನ್ನು ನಾನು ಮೊದಲು ನೋಡಿರಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಓಡುವ ಹಾಗೆ ಮನೆಗೆ ಬಂದೆ. ತಾತ ಅದನ್ನು ಕಣ್ಣಿಗೊತ್ತಿಕೊಂಡು ಕಿವಿಗೆ ಸಿಕ್ಕಿಸಿಕೊಂಡರು. ಅವಳೇ ಏಳಿದ್ಮೇಲೆ ಇನ್ನೇನೈತೆ ಎಂದರು. ಪಂಪನ್ನು ಅವತ್ತೇ ಎತ್ತಿಟ್ಟರು.

ಡಾಕ್ಟರಮ್ಮನಿಗೆ ಹೇಳಿ ಪುಡಿಯ ಇನ್ಹೇಲರ್ ತಂದುಕೊಟ್ಟೆ. ಮೊದಲ ಕೆಲವು ದಿನ, ಎಳೆದಾದ ಮೇಲೂ ಕ್ಯಾಪ್ಸೂಲಿನಲ್ಲಿ ಅರ್ಧ ಪುಡಿ ಹಾಗೇ ಉಳಿದಿರುತ್ತಿತ್ತು. ನಾನು ಬಯ್ದೆ. ಪೂರ್ತಿ ಎಳೀಬೇಕು ತಾತ, ಮಕ್ಕಳ ಥರ ಆಡಬೇಡಿ ಎಂದೆ. ಒಳಗಿನಿಂದ ಅಜ್ಜಿ, "ಬೀಡಿ ಎಳೆಯಾಕೆ ಉಸ್ರಿತ್ತು, ಮದ್ದೆಳೆಯಾಕೆ ಇಲ್ವಾ?" ಎಂದು ಹಂಗಿಸಿದರು. ತಾತ ತಲೆ ತಗ್ಗಿಸಿ ನಕ್ಕರು. ಆ ಮೇಲಿನ ದಿನಗಳಲ್ಲಿ ಕ್ಯಾಪ್ಸೂಲು ಪೂರ್ತಿ ಖಾಲಿ. ಅಭ್ಯಾಸವಾಯಿತು ಎಂದು ನನಗೆ ಸಮಾಧಾನ. ಅಮ್ಮನಿಗೆ ಒಂದು ತುಪ್ಪದ ದೀಪ ಹಚ್ಚಿ ಬಂದೆ.

ತಿಂಗಳಾದ ಮೇಲೆ ಬಂಗಾರಪೇಟೆಗೆ ಹೋಗಬೇಕಿತ್ತು. ತಾತ ನನಗೆ ಚೆನ್ನಾಗೈತೆ, ನೀನೇ ಮದ್ದು ತಾ ಎಂದರು. ನಾನೊಬ್ಬಳೇ ಹೋದೆ. ಡಾಕ್ಟರಮ್ಮ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಕೇಳಿದರು. ಒಂದು ಹೊತ್ತೂ ತಪ್ಪಿಸಿಲ್ಲ, ಪುಡಿ ಒಂದು ಚೂರೂ ಉಳಿಯುವುದಿಲ್ಲ ಎಂದೆ. ಸುಳ್ಳು ಎಂದು ಗೊತ್ತಿಲ್ಲದೆ ಹೇಳಿದ ಸುಳ್ಳು. ಅದೇ ಸುಳ್ಳನ್ನು ಮೂರು ತಿಂಗಳು ಹೇಳಿದೆ.

ತಾತ ಸೊರಗುತ್ತಿದ್ದರು. ನಲ್ಲಿಯವರೆಗೆ ಹೋಗುವುದು ನಿಂತಿತು. ಆಮೇಲೆ ಬಾಗಿಲಿಗೆ ಬರುವುದು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ದಿಂಬು ಕೊಟ್ಟುಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು. ಕಾಯಿಲೆಯೇ ಅಂಥದ್ದು, ಮದ್ದು ಸರಿಯಾಗಿ ಬೀಳುತ್ತಿದೆಯಲ್ಲ ಎಂದುಕೊಂಡೆವು. ಒಂದು ಮಧ್ಯಾಹ್ನ ಅಜ್ಜಿ ಗೋಡೆ ಬಡಿದರು. ಹೋಗಿ ನೋಡಿದರೆ ತಾತನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಆಟೋದಲ್ಲಿ ಬಂಗಾರಪೇಟೆಯ ಆಸ್ಪತ್ರೆ ಮುಟ್ಟುವವರೆಗೆ ಅವರ ಕೈ ನನ್ನ ಕೈಯಲ್ಲಿತ್ತು. ಎರಡು ಬೆರಳಿಲ್ಲದ ಕೈ. ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ...

ಮೂರನೆಯ ದಿನ ಮಾತು ಬಂತು. ಆಕ್ಸಿಜನ್ ಮಾಸ್ಕನ್ನು ಸ್ವಲ್ಪ ಸರಿಸಿ, ಅಜ್ಜಿ ಟೀ ತರಲು ಹೋದದ್ದನ್ನು ನೋಡಿಕೊಂಡು ಹೇಳಿದರು. ಪುಡಿ ಅವರ ಎದೆಗೆ ಇಳಿದೇ ಇಲ್ಲ. ನಾನು ಬಯ್ದ ಮೇಲೆ, ಉಳಿದದ್ದನ್ನು ನಾನು ಬರುವ ಮೊದಲೇ ಕಿಟಕಿಯಾಚೆ ಕೊಡವಿ, ಖಾಲಿ ಕ್ಯಾಪ್ಸೂಲು ಇಟ್ಟುಕೊಂಡು ಕೂರುತ್ತಿದ್ದರು. ನಾನಿದ್ದಾಗ ಬಾಯಿಗಿಟ್ಟು ಎಳೆದ ಹಾಗೆ ಮಾಡಿ, ಹೋದ ಮೇಲೆ ಕೊಡವುತ್ತಿದ್ದರು.

ಗಣಿಗೆ ಇಳಿದ ಮೊದಲ ದಿನವೇ ಮೇಸ್ತ್ರಿ ಬೆನ್ನಿಗೆ ಬಾರಿಸಿ ಕಲಿಸಿದ್ದಂತೆ. ಬಂಡೆ ಸಿಡಿಸಿದ ಮೇಲೆ ಧೂಳು ಬರುತ್ತದೆ. ಬಂದಾಗ ಗಂಟಲು ಮುಚ್ಚಬೇಕು, ಒದ್ದೆ ಟವಲ್ಲು ಮೂಗಿಗೆ ಹಿಡಿದು ಗುಬ್ಬಚ್ಚಿಯ ಹಾಗೆ ಸಣ್ಣ ಸಣ್ಣ ಉಸಿರು ಆಡಬೇಕು. ದೊಡ್ಡ ಉಸಿರು ಎಳೆದವನು ಬೇಗ ಹೋಗುತ್ತಾನೆ. ಮೂವತ್ತು ವರ್ಷ ಹಾಗೇ ಬದುಕಿ ಉಳಿದ ಗಂಟಲು ಅದು. ಡಾಕ್ಟರಮ್ಮ ಕೊಟ್ಟದ್ದು ಖಾಲಿಯದು, ಎಳೆದರು. ಪುಡಿ ಇದ್ದದ್ದು ನಾಲಿಗೆಗೆ ತಾಕಿತೋ ಇಲ್ಲವೋ...

"ಬುದ್ಧಿ ಎಳಿ ಅಂತೈತೆ, ಗಂಟ್ಲು ತಾನೇ ಮುಚ್ಕೊಂತೈತೆ" ಎಂದರು.

ಒಂದು ಮಾತು ಹೇಳಬಾರದಿತ್ತಾ ತಾತ ಎಂದು ಕೇಳಿದೆ. ನನ್ನ ದನಿ ಏರಿತ್ತು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು.

"ಅಮ್ಮ ಬಲಗಡೆ ಕೊಟ್ಟವ್ಳೆ. ಅವಳು ಕೊಟ್ಟಿದ್ದು ನಂಗೆ ಆಗಾಕಿಲ್ಲ ಅಂತ ಯಾವ್ ಬಾಯ್ನಾಗೆ ಏಳ್ಲಿ? ನೀನು ಬೇರೆ ದೀಪ ಅಚ್ಚಿ ಬಂದಿದ್ದೆ."

ಅವತ್ತೇ ಡಾಕ್ಟರಮ್ಮನಿಗೆ ತಿಳಿಸಿದೆ. ಆಕೆ ಬಂದು, ಈ ಸಲ ಪುಡಿ ಹಾಕಿಯೇ ಕೈಗೆ ಕೊಟ್ಟು ನೋಡಿದರು. ಪುಡಿ ಹಾಗೇ ಉಳಿದದ್ದನ್ನು ಕಂಡು ಹಾಸಿಗೆಯ ಅಂಚಿನ ಮೇಲೆ ಕೂತುಬಿಟ್ಟರು. "ಖಾಲಿದು ಕೊಟ್ಟು ನೋಡಿದ್ದೆನಲ್ಲಮ್ಮಾ ನಾನು" ಎಂದರು. ಆಮೇಲೆ ಉದ್ದನೆಯ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತರಿಸಿದರು. ಹಳೆಯ ಪಂಪನ್ನೇ ಅದರ ಹಿಂದಕ್ಕೆ ಸಿಕ್ಕಿಸಿ ಅಜ್ಜಿ ಒತ್ತುವುದು, ಡಬ್ಬಿಯಲ್ಲಿ ನಿಂತ ಮದ್ದನ್ನು ತಾತ ತಮ್ಮ ಪಾಡಿಗೆ ಸಣ್ಣ ಉಸಿರಿನಲ್ಲೇ ಎಳೆದುಕೊಳ್ಳುವುದು. ಬೆರಳೂ ಬೇಡ, ಜೋರೂ ಬೇಡ. ಮೊದಲೇ ಹೇಳಿದ್ದರೆ ನಾಲ್ಕು ತಿಂಗಳ ಹಿಂದೆಯೇ ಕೊಡುತ್ತಿದ್ದೆ ಎಂದು ಆಕೆ ನನ್ನ ಮುಂದೆ ಹೇಳಲಿಲ್ಲ. ಹೇಳದಿದ್ದದ್ದು ಆಕೆಯ ದೊಡ್ಡ ಮನಸ್ಸು.

ಆಮೇಲೆ ತಾತ ಇದ್ದದ್ದು ಹನ್ನೊಂದು ದಿನ. ಅಷ್ಟರಲ್ಲಿ ಎದೆಗೆ ಸೋಂಕು ಇಳಿದಾಗಿತ್ತು. ಆದರೂ ಆ ಹನ್ನೊಂದರಲ್ಲಿ ನಾಲ್ಕು ರಾತ್ರಿ ತಾತ ಬೆನ್ನು ನೆಲಕ್ಕೆ ಕೊಟ್ಟ ಹಾಗೆ ಚಪ್ಪಟೆ ಮಲಗಿ ನಿದ್ದೆ ಮಾಡಿದರೆಂದು ಅಜ್ಜಿ ಹೇಳಿದರು. ಒಂದು ದಿನ ಅರ್ಧ ಮುದ್ದೆ ಉಂಡರು. ಇವನ್ನು ಅಮ್ಮನ ಕರುಣೆಯೆಂದೇ ಎಣಿಸಿಕೊಂಡಿದ್ದೇನೆ, ಎಣಿಸಲು ಬೇರೆ ಏನೂ ಸಿಗದ ಕಾರಣ. ನೋವಿಲ್ಲದೆ ಹೋದರು ಎಂದು ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನದವರೆಗೆ ಎಳೆಯಿತು. ನಾನು ಕಾಲ ಬಳಿ ಇದ್ದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಬಹಳ ದಿನ ಗುಡಿಯ ಕಡೆ ಹೋಗಲಿಲ್ಲ. ಅಮ್ಮನ ಮೇಲೆ ಸಿಟ್ಟಿತ್ತೇ ಎಂದರೆ, ಇತ್ತು. ಆಮೇಲೆ ನಿಧಾನವಾಗಿ ತಿಳಿಯಿತು. ಬದಲಾಗಬೇಕೇ ಎಂದು ಕೇಳಿದೆ, ಬದಲಾಗಲಿ ಎಂದಳು. ಪಂಪಿನ ಮದ್ದು ನಿಜವಾಗಿಯೂ ಗೋಡೆಗೆ ಹೋಗುತ್ತಿತ್ತಲ್ಲ. ಬದಲಾದದ್ದು ಒಗ್ಗದೆ ಹೋದರೆ ಬಾಯಿ ಮುಚ್ಚಿಕೊಂಡಿರಲಿ ಎಂದು ಅವಳು ಹೇಳಿರಲಿಲ್ಲ. ಅದನ್ನು ಸೇರಿಸಿದವರು ನಾವು.

ಈಗ ಅಜ್ಜಿಯೂ ಇಲ್ಲ. ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಬಾಗಿಲಿಗೆ ನೀಲಿ ಬಣ್ಣ ಹೊಡೆಸಿದ್ದಾರೆ. ನಾನು ಶುಕ್ರವಾರಗಳಲ್ಲಿ ಗಾಡಿ ಹತ್ತಿ ಅದೇ ಗುಡಿಗೆ ಹೋಗುತ್ತೇನೆ. ಪರಿಚಯದವರು ಯಾರಾದರೂ, ನಮ್ಮ ಪರವಾಗಿ ನೀವೇ ಹೂ ಕೇಳಿಬನ್ನಿ, ನಿಮ್ಮ ಕೈ ಒಳ್ಳೇದು ಎನ್ನುವುದುಂಟು. ಇಲ್ಲವೆನ್ನುವುದಿಲ್ಲ, ಕೇಳಿಬರುತ್ತೇನೆ. ಹೋಗುವ ಮೊದಲು ಮಾತ್ರ ಅವರನ್ನು ಎದುರಿಗೆ ಕೂರಿಸಿಕೊಂಡು, ಹೂವು ಯಾವ ಕಡೆಗೆ ಬಿದ್ದರೂ, ಕಷ್ಟವಾದ ದಿನ ಬಾಯಿಬಿಟ್ಟು ಹೇಳುತ್ತೇನೆ ಎಂದು ಮಾತು ತೆಗೆದುಕೊಳ್ಳುತ್ತೇನೆ. ಕೈಮೇಲೆ ಕೈ ಹಾಕಿಸಿಕೊಳ್ಳುತ್ತೇನೆ. ಇದೇನು ಹೊಸ ಪದ್ಧತಿ ಎಂದು ಕೆಲವರು ನಗುತ್ತಾರೆ.

ತಾತನ ಹತ್ತಿರ ಆ ಒಂದು ಮಾತು ನಾನು ತೆಗೆದುಕೊಂಡಿರಲಿಲ್ಲ.